ಯೂರಿಯಾ ಚೀಲದ ಹಿಂದಿರುವ ಮನುಷ್ಯ

ಮುಂಗಾರು ಶುರುವಾಗುವ ಹೊತ್ತಿಗೆ ನಮ್ಮ ಮನೆಯ ಜಗಲಿ ಮೇಲೆ ನಾಲ್ಕೈದು ಯೂರಿಯಾ ಚೀಲ ಬಂದು ಕೂರುತ್ತಿದ್ದವು. ಗೊಬ್ಬರ ಖಾಲಿಯಾದ ಮೇಲೆ ಅವ್ವ ಅದೇ ಚೀಲಗಳನ್ನು ತೊಳೆದು ಒಣಗಿಸಿ ಇಟ್ಟುಕೊಳ್ಳುತ್ತಿದ್ದಳು. ಆ ಬಿಳಿ ಕಾಳುಗಳ ಹಿಂದೆ ಒಬ್ಬ ಮನುಷ್ಯನ ಕತೆಯಿದೆ ಅಂತ ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಗೊತ್ತಾದ ಮೇಲೂ ಆತನನ್ನು ನೆನೆಯಬೇಕೋ ಶಪಿಸಬೇಕೋ ಅನ್ನೋದು ನನ್ನಲ್ಲಿ ಇನ್ನೂ ಬಗೆಹರಿದಿಲ್ಲ.

ಫ್ರಿಟ್ಜ್ ಹೇಬರ್ ಹುಟ್ಟಿದ್ದು 1868ರಲ್ಲಿ, ಬ್ರೆಸ್ಲಾವ್ ಊರಿನಲ್ಲಿ. ಆಗ ಅದು ಪ್ರಷ್ಯಾಕ್ಕೆ ಸೇರಿತ್ತು, ಈಗ ಪೋಲೆಂಡಿನಲ್ಲಿದೆ. ಯಹೂದಿ ಕುಟುಂಬ, ಅಪ್ಪ ಬಣ್ಣದ ವ್ಯಾಪಾರಿ. ಮಗು ಹುಟ್ಟಿದ ಕೆಲವೇ ವಾರಕ್ಕೆ ತಾಯಿ ತೀರಿಕೊಂಡರು. ಯಹೂದಿಯಾದವನಿಗೆ ಸೇನೆಯಲ್ಲಾಗಲಿ ವಿಶ್ವವಿದ್ಯಾಲಯದಲ್ಲಾಗಲಿ ಮೇಲೇರುವುದು ಕಷ್ಟವಿದ್ದ ಕಾಲವದು. ಇಪ್ಪತ್ತರ ಹರೆಯದಲ್ಲೇ ಹೇಬರ್ ಕ್ರೈಸ್ತನಾದ. ಆತನಿಗೆ ಎಲ್ಲಕ್ಕಿಂತ ಮೊದಲು ಜರ್ಮನ್ ಆಗಬೇಕಿತ್ತು. ಮುಂದಿನದೆಲ್ಲ ಅರ್ಥವಾಗಬೇಕಾದರೆ ಇದು ನೆನಪಿರಲಿ.

ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವೇ ಇದೆ. ಆದರೆ ಬೆಳೆಗೆ ಅದು ಕೈಗೆ ಸಿಗದ ಅನ್ನ. ಯುರೋಪಿನ ಹೊಲಗಳು ಆಗ ಚಿಲಿ ದೇಶದಿಂದ ಹಡಗಿನಲ್ಲಿ ಬರುತ್ತಿದ್ದ ನೈಟ್ರೇಟ್ ನಂಬಿಕೊಂಡಿದ್ದವು, ಅದೋ ಒಂದು ದಿನ ಮುಗಿಯುವಂಥದ್ದು. 1909ರಲ್ಲಿ ಕಾರ್ಲ್ಸ್‌ರೂಹೆಯ ಪ್ರಯೋಗಾಲಯದಲ್ಲಿ ಹೇಬರ್ ಮತ್ತು ಸಹಾಯಕ ರಾಬರ್ಟ್ ಲೆ ರೊಸ್ಸಿನ್ಯೋಲ್ ಭಾರೀ ಒತ್ತಡ, ಭಾರೀ ಶಾಖ, ಆಸ್ಮಿಯಂ ಎಂಬ ಲೋಹ ಇವನ್ನು ಬಳಸಿ ಸಾರಜನಕ, ಜಲಜನಕಗಳನ್ನು ಬೆಸೆದು ತೋರಿಸಿದರು. ಅಮೋನಿಯಾ ಹನಿಹನಿಯಾಗಿ ತೊಟ್ಟಿಕ್ಕಿತು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ಬೆಳೆಸಿದ. 1913ರಲ್ಲಿ ಓಪೌದಲ್ಲಿ ಉತ್ಪಾದನೆ ಶುರುವಾಯಿತು. ನಮ್ಮ ಪಣಂಬೂರಿನ ಗೊಬ್ಬರ ಕಾರ್ಖಾನೆಯವರೆಗೂ ಅದೇ ರಸಾಯನಶಾಸ್ತ್ರ. ಇಂದು ಜಗತ್ತಿನ ಹೆಚ್ಚುಕಮ್ಮಿ ಅರ್ಧ ಜನರ ಊಟ ಈ ಹನಿಗಳ ಮೇಲೆ ನಿಂತಿದೆ.

ಇಲ್ಲಿಗೇ ಕತೆ ನಿಂತಿದ್ದರೆ ಊರೂರಿಗೂ ಆತನ ಪ್ರತಿಮೆ ಇರುತ್ತಿತ್ತು ಬಿಡಿ.

1914ರಲ್ಲಿ ಯುದ್ಧ ಬಂತು. ಬ್ರಿಟಿಷ್ ನೌಕಾಪಡೆ ಚಿಲಿಯ ಹಡಗುಗಳಿಗೆ ದಾರಿ ಮುಚ್ಚಿತು. ಗೊಬ್ಬರಕ್ಕೆ ಬೇಕಾದ ನೈಟ್ರೇಟೇ ಸಿಡಿಮದ್ದಿಗೂ ಬೇಕು, ಹಾಗಾಗಿ ಅನ್ನದ ಅಮೋನಿಯಾ ಮದ್ದಾಯಿತು. ಹೇಬರ್ ಅಷ್ಟಕ್ಕೇ ಸುಮ್ಮನಿರಲಿಲ್ಲ. ಕ್ಲೋರಿನ್ ಅನಿಲವನ್ನು ಶತ್ರುವಿನ ಕಂದಕಕ್ಕೆ ಬಿಡೋಣ ಅಂತ ತಾನೇ ಮುಂದಾದ. 1899ರ ಹೇಗ್ ಘೋಷಣೆ ಉಸಿರುಗಟ್ಟಿಸುವ ಅನಿಲ ಹರಡುವ ಶೆಲ್ಲುಗಳನ್ನು ನಿಷೇಧಿಸಿತ್ತು. ಸರಿ, ಶೆಲ್ ಬೇಡ, ಸಿಲಿಂಡರಿನ ಬಾಯಿ ತೆರೆದು ಗಾಳಿಗೆ ಬಿಟ್ಟರಾಯಿತು! ಕಾನೂನಿನ ಅಕ್ಷರ ಉಳಿಯಿತು. ಯಾವ ದೇಶದ ವಕೀಲರಿಗೂ ಈ ಜಾಣತನ ಹೊಸದೇನಲ್ಲ.

1915ರ ಏಪ್ರಿಲ್ 22ರ ಸಂಜೆ, ಬೆಲ್ಜಿಯಂನ ಈಪರ್ ಹತ್ತಿರ, ಸಾವಿರಾರು ಸಿಲಿಂಡರುಗಳಿಂದ 150 ಟನ್ನಿಗೂ ಹೆಚ್ಚು ಕ್ಲೋರಿನ್ ಬಿಟ್ಟರು. ಹಳದಿ-ಹಸಿರು ಮೋಡ ನೆಲಕ್ಕಂಟಿಕೊಂಡು ಹೋಗಿ ಫ್ರೆಂಚ್, ಅಲ್ಜೀರಿಯನ್ ಸೈನಿಕರ ಕಂದಕಗಳಿಗೆ ಇಳಿಯಿತು. ಹೇಬರ್‌ಗೆ ಕ್ಯಾಪ್ಟನ್ ಪದವಿ ಸಿಕ್ಕಿತು.

ಇದೆಲ್ಲ ಒಬ್ಬನ ಹುಚ್ಚು ಅಂದುಕೊಂಡರೆ ನಮಗೇ ಸಮಾಧಾನ. ಆದರೆ ಆತನ ಅನಿಲ ಪಡೆಯಲ್ಲಿ ಆಟೋ ಹಾನ್, ಜೇಮ್ಸ್ ಫ್ರಾಂಕ್, ಗುಸ್ಟಾವ್ ಹರ್ಟ್ಜ್ ಇದ್ದರು. ಮೂವರೂ ಮುಂದೆ ನೊಬೆಲ್ ಪಡೆದವರು. ಆಗೋದಿಲ್ಲ ಅಂದವರೂ ಇದ್ದರು ಅನ್ನೋದನ್ನು ಮರೆಯುವಂತಿಲ್ಲ. ಮ್ಯಾಕ್ಸ್ ಬಾರ್ನ್ ಆ ಕೆಲಸಕ್ಕೆ ಸೇರಲಿಲ್ಲ.

ಹೇಬರ್‌ನ ಹೆಂಡತಿ ಕ್ಲಾರಾ ಇಮ್ಮರ್‌ವಾರ್ ಕೂಡ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವಳು. ಬ್ರೆಸ್ಲಾವ್ ವಿಶ್ವವಿದ್ಯಾಲಯದಲ್ಲಿ ಆ ಪದವಿ ಪಡೆದ ಮೊದಲ ಮಹಿಳೆ. ಮದುವೆಯಾದ ಮೇಲೆ ಆಕೆಯ ಪ್ರಯೋಗಾಲಯ ಅಡುಗೆಮನೆಯಾಯಿತು, ನಮಗೆ ಅಪರಿಚಿತ ಕತೆಯೇನಲ್ಲ. ಈಪರ್ ನಡೆದ ಹತ್ತು ದಿನಕ್ಕೆ, ಮೇ 2ರಂದು, ಗಂಡನ ಪಿಸ್ತೂಲಿನಿಂದಲೇ ಆಕೆ ಪ್ರಾಣ ಕಳೆದುಕೊಂಡಳು. ಕಾರಣ ಹೇಳುವ ಪತ್ರ ಉಳಿದಿಲ್ಲ. ಹಾಗಾಗಿ ಅದನ್ನು ಅನಿಲದ ವಿರುದ್ಧದ ಪ್ರತಿಭಟನೆ ಅಂತಲೇ ಷರಾ ಬರೆದುಬಿಡಲು ನನಗೆ ಮನಸ್ಸಿಲ್ಲ, ಆ ಹತ್ತು ದಿನಗಳನ್ನು ಮರೆಯಲೂ ಆಗದು. ಹೇಬರ್ ಮಾತ್ರ ಹನ್ನೆರಡರ ಮಗ ಹರ್ಮನ್‌ನನ್ನು ಬಿಟ್ಟು ಪೂರ್ವದ ರಣರಂಗಕ್ಕೆ ಹೊರಟುಬಿಟ್ಟ.

ಯುದ್ಧ ಮುಗಿದ ಮೇಲೆ 1918ರ ಸಾಲಿನ ನೊಬೆಲ್ ಅಮೋನಿಯಾಕ್ಕಾಗಿ ಆತನಿಗೇ ಬಂತು. ಸೋತ ದೇಶದ ಸಾಲ ತೀರಿಸಲು ಸಮುದ್ರದ ನೀರಿನಿಂದ ಚಿನ್ನ ತೆಗೆಯಲು ವರ್ಷಗಟ್ಟಲೆ ಹೆಣಗಾಡಿದ, ಆಗಲಿಲ್ಲ. ಇಷ್ಟೆಲ್ಲ ಮಾಡಿದ್ದು ಯಾವ ದೇಶಕ್ಕೋ, ಅದೇ ದೇಶ 1933ರಲ್ಲಿ ಆತನ ಹುಟ್ಟನ್ನು ನೆನಪಿಸಿತು. ಯಹೂದಿ ಸಹೋದ್ಯೋಗಿಗಳನ್ನು ಹೊರಹಾಕಲು ಆದೇಶ ಬಂದಾಗ ಹೇಬರ್ ತಾನೇ ರಾಜೀನಾಮೆ ಕೊಟ್ಟ. ಆತನ ಬದುಕಿನಲ್ಲಿ ನನಗೆ ಗೌರವ ಮೂಡಿಸುವ ದಿನ ಅದೊಂದೇ. ಕೇಂಬ್ರಿಜ್‌ನಲ್ಲಿ ಕೆಲವು ತಿಂಗಳು ಕಳೆದು, 1934ರ ಜನವರಿಯಲ್ಲಿ ಬಾಸೆಲ್‌ನಲ್ಲಿ ತೀರಿಕೊಂಡ.

ಆತನ ಮುಂದಾಳತ್ವದಲ್ಲಿ ಶುರುವಾಗಿದ್ದ ಕೀಟನಾಶಕ ಸಂಶೋಧನೆಯಿಂದಲೇ ಝೈಕ್ಲಾನ್ ಬಿ ಹುಟ್ಟಿತ್ತು. ನಾಜಿ ಶಿಬಿರಗಳಲ್ಲಿ ಸತ್ತವರಲ್ಲಿ ಹೇಬರ್‌ನ ಬಂಧುಗಳೂ ಇದ್ದರು. ಅಮೆರಿಕ ಸೇರಿದ್ದ ಹರ್ಮನ್ 1946ರಲ್ಲಿ ಅಮ್ಮನ ಹಾಗೆಯೇ ಬದುಕು ಮುಗಿಸಿಕೊಂಡ.

ಸಾಯುವ ಮುನ್ನ ಹೇಬರ್ ಒಂದು ಆಸೆ ಹೇಳಿಕೊಂಡಿದ್ದ: ಕ್ಲಾರಾಳ ಅವಶೇಷ ತನ್ನ ಪಕ್ಕದಲ್ಲಿರಬೇಕು. ಹಾಗೇ ಆಯಿತು. ಬಾಸೆಲ್‌ನ ಹೋರ್ನ್ಲಿ ಸ್ಮಶಾನದಲ್ಲಿ ಒಂದೇ ಕಲ್ಲಿನ ಮೇಲೆ ಇಬ್ಬರ ಹೆಸರೂ ಇದೆ. ಅದಕ್ಕೆ ಕ್ಲಾರಾ ಒಪ್ಪುತ್ತಿದ್ದಳೇ ಅಂತ ಕೇಳಲು ಯಾರೂ ಉಳಿದಿರಲಿಲ್ಲ.