ಮೂರೆಳೆಯ ಹಗ್ಗದ ರಾಮಚಂದ್ರನ್

ಹೆಗ್ಗಡದೇವನಕೋಟೆ ತಾಲ್ಲೂಕಿನ ಹ್ಯಾಂಡ್‌ಪೋಸ್ಟ್‌ನಲ್ಲಿ ಮೈಸೂರಿನ ಬಸ್ಸಿಗೆ ಕಾದು ನಿಂತಿದ್ದಾಗ ಒಂದು ಪೊಟ್ಟಣ ಬೆಟ್ಟದ ನೆಲ್ಲಿಕಾಯಿ ಕೊಂಡೆ. ಒಸಡಿಗೆ ಒಳ್ಳೆಯದೆಂದರು ಮಾರುವಾಕೆ. ಅದು ನಿಜ. ಆದರೆ ಏಕೆ ಒಳ್ಳೆಯದೆಂಬ ಪ್ರಶ್ನೆಯ ಉತ್ತರದಲ್ಲಿ ನಮ್ಮ ಬೆಂಗಳೂರಿಗೂ ಪಾಲಿದೆ. ಅರ್ಥಶಾಸ್ತ್ರ ಓದಿ, ಕಡತಗಳ ನಡುವೆ ಆಯುಷ್ಯ ಸವೆಸಿದ ನನಗೆ ಇದು ತಿಳಿದದ್ದು ನಿವೃತ್ತಿಯ ಬಳಿಕ, ಜಿ.ಎನ್. ರಾಮಚಂದ್ರನ್ ಅವರ ಬದುಕನ್ನು ಓದುವಾಗ.

1922ರಲ್ಲಿ ಎರ್ನಾಕುಲಂನಲ್ಲಿ ಜನಿಸಿದ ಅವರು 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕಲಿಯಲು. ಸರ್ ಸಿ.ವಿ. ರಾಮನ್ ಅವರನ್ನು ಭೌತಶಾಸ್ತ್ರಕ್ಕೆ ಸೆಳೆದುಕೊಂಡರು. ಕೇಂಬ್ರಿಡ್ಜಿನಲ್ಲಿ ಡಾಕ್ಟರೇಟ್ ಪಡೆದು ಮರಳಿದ ಅವರು 1952ರಲ್ಲಿ ಮದರಾಸು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಅಲ್ಲಿಗೆ ಬಂದಿದ್ದ ಬ್ರಿಟಿಷ್ ವಿಜ್ಞಾನಿ ಬರ್ನಾಲ್, ಕೊಲಾಜೆನ್ ರಚನೆ ಇನ್ನೂ ಬಗೆಹರಿದಿಲ್ಲವೆಂದು ಸೂಚಿಸಿದರು. ಚರ್ಮ, ಮೂಳೆ, ಸ್ನಾಯುರಜ್ಜು, ಒಸಡುಗಳನ್ನೆಲ್ಲ ಹಿಡಿದಿಡುವ ಪ್ರೋಟೀನು ಅದು. ಮದರಾಸಿನಲ್ಲೇ ಇದ್ದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಿಂದ ಕಾಂಗರೂ ಬಾಲದ ಕೊಲಾಜೆನ್ ದೊರೆಯಿತು. ಗೋಪಿನಾಥ್ ಕರ್ತಾ ಅವರೊಡನೆ ಎಕ್ಸ್-ಕಿರಣದ ಚಿತ್ರಗಳನ್ನು ಪರಿಶೀಲಿಸಿ, ಮೂರು ಎಳೆಗಳ ರಚನೆಯನ್ನು 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಮಂಡಿಸಿದರು. ಮರುವರ್ಷ ಅದನ್ನು ಹಗ್ಗದಂತೆ ಹೊಸೆದುಕೊಂಡ ಎಳೆಗಳೆಂದು ತಿದ್ದಿದರು.

ಅಷ್ಟರಲ್ಲಿ ಆಕ್ಷೇಪಣೆ ಬಂತು. ಡಿಎನ್‌ಎ ಖ್ಯಾತಿಯ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್, ಈ ಮಾದರಿಯಲ್ಲಿ ಕೆಲವು ಪರಮಾಣುಗಳು ತೀರಾ ಒತ್ತೊತ್ತಾಗಿವೆ ಎಂದು ತಮ್ಮದೇ ಮಾದರಿ ಮುಂದಿಟ್ಟರು. ಆಕ್ಷೇಪಣೆಯೊಂದಿಗೆ ಹಿಂದಿರುಗಿದ ಕಡತವನ್ನು ಕಪಾಟಿಗೆ ಸೇರಿಸುವ ಅಧಿಕಾರಿಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ರಾಮಚಂದ್ರನ್ ಹಾಗೆ ಮಾಡಲಿಲ್ಲ. ಪರಮಾಣುಗಳು ಎಷ್ಟು ಹತ್ತಿರ ಬರಬಹುದೆಂಬುದನ್ನೇ ಮೊದಲಿನಿಂದ ಲೆಕ್ಕಹಾಕಿದರು. ರಾಮಕೃಷ್ಣನ್ ಮತ್ತು ಶಶಿಶೇಖರನ್ ಅವರೊಡನೆ 1963ರಲ್ಲಿ ಪ್ರಕಟಿಸಿದ ಆ ನಕ್ಷೆಯೇ ಇಂದು ಜಗತ್ತಿನೆಲ್ಲೆಡೆ ಪ್ರೋಟೀನ್ ರಚನೆಗಳನ್ನು ಒರೆಗೆ ಹಚ್ಚುವ ‘ರಾಮಚಂದ್ರನ್ ನಕ್ಷೆ’.

ಮುಂದೆ ಬೆಂಗಳೂರಿಗೆ ಮರಳಿ, 1971ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೈವಿಕ ಭೌತಶಾಸ್ತ್ರ ಘಟಕವನ್ನು ಕಟ್ಟಿದರು. ನೆಲ್ಲಿಕಾಯಿಯ ನಂಟು ಇರುವುದು ಇಲ್ಲಿ. ಕೊಲಾಜೆನ್ ಎಳೆಯಲ್ಲಿರುವ ಪ್ರೋಲೀನ್ ಎಂಬ ಘಟಕವನ್ನು ಜೀವಕೋಶ ಹೈಡ್ರಾಕ್ಸಿಪ್ರೋಲೀನ್ ಆಗಿ ಮಾರ್ಪಡಿಸುತ್ತದೆ. ಆ ಕೆಲಸದ ಕಿಣ್ವ ಚುರುಕಾಗಿರಲು ವಿಟಮಿನ್ ಸಿ ಬೇಕು. ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಿಗೆ ಅದನ್ನು ಕೊಡದಿದ್ದರೂ ಅವು ಎಳೆಗಳನ್ನು ನೂಲುತ್ತವೆ. ಆದರೆ ಈ ಮಾರ್ಪಾಡಿಲ್ಲದ ಎಳೆಗಳ ಹೊಸೆತ ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲೇ ಬಿಚ್ಚಿಕೊಳ್ಳುತ್ತದೆ. ನಮ್ಮ ಮೈಯ ಬಿಸಿ 37 ಡಿಗ್ರಿ! ಸ್ಕರ್ವಿ ರೋಗಿಯ ಒಸಡು ಸೋರುವುದು, ಹಳೆಯ ಗಾಯ ಬಾಯಿಬಿಡುವುದು ಇದರಿಂದಲೇ.

ಹೈಡ್ರಾಕ್ಸಿಪ್ರೋಲೀನ್ ಈ ಬಿಗಿಯನ್ನು ಕೊಡುವುದಾದರೂ ಹೇಗೆ? ನಡುವಿನ ನೀರಿನ ಅಣುಗಳ ಮೂಲಕ ಎಳೆಗಳನ್ನು ಬೆಸೆದು ಎಂದು ರಾಮಚಂದ್ರನ್, ಮಂಜು ಬನ್ಸಾಲ್ ಮತ್ತು ಭಟ್ನಾಗರ್ 1973ರಲ್ಲಿ ಊಹಿಸಿದರು. ನೀರಿಗಿಂತ ಆ ಘಟಕದ ಉಂಗುರದ ಬಾಗುವಿಕೆಯೇ ಮುಖ್ಯವೆಂಬ ವಾದಕ್ಕೆ 1998ರಲ್ಲಿ ಅಮೆರಿಕದ ಪ್ರಯೋಗಗಳು ಬಲ ಕೊಟ್ಟವು.

ಆ ವೇಳೆಗೆ ಅವರು ಪಾರ್ಕಿನ್ಸನ್ ಕಾಯಿಲೆಯಿಂದ ಜರ್ಜರಿತರಾಗಿದ್ದರು. ಅದೇ ವರ್ಷ ಪತ್ನಿ ರಾಜಲಕ್ಷ್ಮಿ ತೀರಿಕೊಂಡರು. ನೊಬೆಲ್ ಕೊನೆಗೂ ಬರಲಿಲ್ಲ. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ಅವರು ನಿಧನರಾದರು.