ಮೈಸೂರಿಗೆ ಮೃಗಾಲಯ ಕೊಟ್ಟ ಚಾಮರಾಜೇಂದ್ರ ಒಡೆಯರ್



ಶಾಲೆಯಲ್ಲಿ ಪ್ರವಾಸದ ಮಾತು ಬಂದರೆ ಸಾಕು, ನಂಜನಗೂಡಿನಲ್ಲೂ ತಿ. ನರಸೀಪುರದಲ್ಲೂ ಒಂದು ಚರ್ಚೆ ಏಳುತ್ತದೆ. ಮೈಸೂರಿನ ಮೃಗಾಲಯಕ್ಕೆ ಹೋಗುವುದೋ, ಬನ್ನೇರುಘಟ್ಟದ ಸಫಾರಿಗೆ ಹೋಗುವುದೋ? ಮೈಸೂರು ಹತ್ತಿರ. ನಂಜನಗೂಡಿನಿಂದ ಸುಮಾರು 25 ಕಿಲೋಮೀಟರ್, ತಿ. ನರಸೀಪುರದಿಂದ ಸುಮಾರು 30. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು. ಬನ್ನೇರುಘಟ್ಟ ಇರುವುದು ಬೆಂಗಳೂರಿನ ಹತ್ತಿರ. ಇನ್ನೂ ಕತ್ತಲಿರುವಾಗಲೇ ಹೊರಡಬೇಕು, ಬಸ್ಸಿನ ಬಾಡಿಗೆಯೂ ಹೆಚ್ಚು. ಆದರೆ ಅಲ್ಲಿ ಒಂದು ಮಜಾ ಇದೆ. ಮೃಗಾಲಯದಲ್ಲಿ ಪ್ರಾಣಿ ಒಳಗೆ, ನಾವು ಹೊರಗೆ. ಸಫಾರಿಯಲ್ಲಿ ಜಾಲರಿ ಹಾಕಿದ ಬಸ್ಸಿನೊಳಗೆ ನಾವು ಕುಳಿತಿರುತ್ತೇವೆ, ಸಿಂಹ ಹೊರಗೆ ಆರಾಮವಾಗಿ ಮಲಗಿರುತ್ತದೆ!

ಊರೊಳಗಿನ ಮೃಗಾಲಯವೋ, ಊರಾಚೆಯ ಸಫಾರಿಯೋ? ಈ ಪ್ರಶ್ನೆ ನಮಗಿಂತ ಪ್ರಾಣಿಗಳಿಗೆ ಹೆಚ್ಚು ಮುಖ್ಯ. ಇದನ್ನು ಅರ್ಥಮಾಡಿಕೊಳ್ಳಲು ಮೈಸೂರು ಮೃಗಾಲಯವನ್ನು ಸ್ಥಾಪಿಸಿದ ಹತ್ತನೆಯ ಚಾಮರಾಜೇಂದ್ರ ಒಡೆಯರ ಕಥೆಯಿಂದ ಆರಂಭಿಸೋಣ.

ಐದು ವರ್ಷದ ರಾಜ

ಚಾಮರಾಜೇಂದ್ರ ಒಡೆಯರು ಹುಟ್ಟಿದ್ದು 1863ರ ಫೆಬ್ರವರಿ 22ರಂದು. ಆಗ ಮೈಸೂರಿನಲ್ಲಿ ರಾಜರಿದ್ದರು, ಆದರೆ ಆಡಳಿತ ಅವರ ಕೈಯಲ್ಲಿರಲಿಲ್ಲ. 1831ರಿಂದಲೂ ಬ್ರಿಟಿಷ್ ಅಧಿಕಾರಿಗಳೇ ರಾಜ್ಯ ನಡೆಸುತ್ತಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಈ ಪುಟ್ಟ ಮಗುವನ್ನು ದತ್ತು ತೆಗೆದುಕೊಂಡರು. ಮೂರು ವರ್ಷಗಳಲ್ಲಿ ಅವರು ತೀರಿಕೊಂಡರು. 1868ರ ಸೆಪ್ಟೆಂಬರಿನಲ್ಲಿ ಚಾಮರಾಜೇಂದ್ರರಿಗೆ ಪಟ್ಟಾಭಿಷೇಕವಾಯಿತು. ಆಗ ಅವರ ವಯಸ್ಸು ಐದು. ನಿಮ್ಮ ಶಾಲೆಯ ಒಂದನೇ ತರಗತಿಗೆ ಸೇರುವ ಮಕ್ಕಳಿಗಿಂತಲೂ ಚಿಕ್ಕವರು!

ರಾಜನಾದರೂ ಪಾಠ ತಪ್ಪಲಿಲ್ಲ. ಅರಸು ಮನೆತನಗಳ ಇತರ ಹುಡುಗರೊಡನೆ ಕೂಡಿಸಿ ಅವರಿಗೆ ಪಾಠ ಹೇಳಿಸಲಾಯಿತು. ಕುದುರೆ ಸವಾರಿ ಅವರಿಗೆ ಬಹಳ ಇಷ್ಟ. ಸಂಗೀತವೂ ಇಷ್ಟ. ಮುಂದೆ ಪಿಟೀಲು ನುಡಿಸುವುದನ್ನು ಚೆನ್ನಾಗಿ ಕಲಿತರು. ಅವರ ಹುಡುಗತನದಲ್ಲೇ, 1876ರಿಂದ 1878ರವರೆಗೆ, ಮೈಸೂರು ಸೀಮೆಯಲ್ಲಿ ಭೀಕರ ಕ್ಷಾಮ ಬಂತು. ಲಕ್ಷಾಂತರ ಜನ ಹಸಿವಿನಿಂದ, ರೋಗದಿಂದ ಸತ್ತರು. 1881ರ ಮಾರ್ಚ್ 25ರಂದು ಬ್ರಿಟಿಷರು ಆಡಳಿತವನ್ನು ಮರಳಿ ಒಪ್ಪಿಸಿದಾಗ ಹದಿನೆಂಟು ವರ್ಷದ ಈ ಯುವಕನ ಕೈಗೆ ಬಂದದ್ದು ಅಂತಹ ಸೋತು ಸೊರಗಿದ ರಾಜ್ಯ.

ದಿವಾನ್ ರಂಗಾಚಾರ್ಲು, ಅವರ ನಂತರ 1883ರಿಂದ ಕೆ. ಶೇಷಾದ್ರಿ ಅಯ್ಯರ್ ಮಹಾರಾಜರ ಜೊತೆ ನಿಂತರು. ಜನರ ಪ್ರತಿನಿಧಿಗಳು ಸೇರಿ ಕಷ್ಟಸುಖ ಹೇಳಿಕೊಳ್ಳುವ ಪ್ರಜಾಪ್ರತಿನಿಧಿ ಸಭೆ 1881ರಲ್ಲೇ ಆರಂಭವಾಯಿತು. ಹೆಣ್ಣುಮಕ್ಕಳಿಗಾಗಿ ಮಹಾರಾಣಿ ಶಾಲೆಯೂ ಅದೇ ವರ್ಷದ್ದು. ಎಂಟು ವರ್ಷ ತುಂಬದ ಹೆಣ್ಣುಮಗುವಿನ ಮದುವೆಯನ್ನು ತಡೆಯುವ ಕಾನೂನು 1894ರಲ್ಲಿ ಬಂತು. ರೈಲು ಬೆಂಗಳೂರಿನಿಂದ ಮೈಸೂರಿಗೆ 1882ರಲ್ಲಿ, ಅಲ್ಲಿಂದ ನಂಜನಗೂಡಿಗೆ 1891ರಲ್ಲಿ ಬಂತು. ನಂಜನಗೂಡಿನವರೇ, ನಿಮ್ಮ ಊರಿನ ಈ ರೈಲುದಾರಿಗೂ ಮೈಸೂರಿನ ಮೃಗಾಲಯಕ್ಕೂ ಒಂದೇ ವರ್ಷದ ಅಂತರ!

ಅರಮನೆಯ ತೋಟದಲ್ಲಿ ಹುಲಿ

1892ರಲ್ಲಿ ಚಾಮರಾಜೇಂದ್ರ ಒಡೆಯರು ತಮ್ಮ ಬೇಸಿಗೆ ಅರಮನೆಯ ತೋಟದಲ್ಲಿ ಮೃಗಾಲಯ ಸ್ಥಾಪಿಸಿದರು. ಜಾಗ ಸುಮಾರು 11 ಎಕರೆ. ರಾಜಮನೆತನಗಳಿಗೆ ಬೇಟೆ ದೊಡ್ಡ ಹವ್ಯಾಸವಾಗಿದ್ದ ಕಾಲ ಅದು. ಪ್ರಾಣಿಗಳನ್ನು ಬದುಕಿರುವಂತೆಯೇ ತಂದು, ಮೇವು ಹಾಕಿ, ಮದ್ದು ಮಾಡಿ ಸಾಕಲು ಒಂದು ತೋಟವನ್ನೇ ಮೀಸಲಿಟ್ಟದ್ದು ಹೊಸ ದಾರಿ. ಅದನ್ನು ನೋಡಿಕೊಳ್ಳಲು ದಕ್ಷಿಣ ಆಸ್ಟ್ರೇಲಿಯಾದ ಎ.ಸಿ. ಹ್ಯೂಸ್ ಎಂಬುವರನ್ನು ನೇಮಿಸಲಾಯಿತು. ಹ್ಯೂಸ್ ಅಲ್ಲಿ ದುಡಿದದ್ದು ಒಂದೆರಡು ವರ್ಷವಲ್ಲ, 1924ರವರೆಗೆ. ಎಷ್ಟು ವರ್ಷವಾಯಿತು, ಲೆಕ್ಕ ಹಾಕಿ.

ಮಹಾರಾಜರು ಆರಿಸಿದ ಜಾಗವನ್ನು ಗಮನಿಸಿ. ಕಾಡಿನ ಅಂಚಿಗೆ ಹೋಗಲಿಲ್ಲ. ಕೋಟೆಯ ಹೊರಗೆ, ಆದರೆ ಅರಮನೆಗೆ ನಡೆದು ಹೋಗುವಷ್ಟು ಹತ್ತಿರ ಮೃಗಾಲಯ ಮಾಡಿದರು. ಇದರಿಂದ ಮುಂದೆ ಒಂದು ದೊಡ್ಡ ಲಾಭವಾಯಿತು. ಅರಮನೆಯ ಸ್ವಂತ ಮೃಗಾಲಯ ಸಾರ್ವಜನಿಕರದ್ದಾದ ಮೇಲೆ, ದಸರಾ ನೋಡಲು ಬಂದ ಹಳ್ಳಿಯ ಜನ ಹಾಗೇ ನಡೆದುಕೊಂಡು ಹೋಗಿ ಹುಲಿ, ಸಿಂಹ, ಜಿರಾಫೆ ನೋಡುವಂತಾಯಿತು. ನಿಮ್ಮ ತಾತ, ಅಜ್ಜಿಯನ್ನು ಕೇಳಿ ನೋಡಿ. ಅವರಲ್ಲಿ ಅನೇಕರು ಮೊದಲ ಬಾರಿ ಸಿಂಹ ಕಂಡದ್ದು ಅಲ್ಲೇ ಇರಬಹುದು.

ತಾವು ನೆಟ್ಟ ಗಿಡ ಮರವಾದದ್ದನ್ನು ನೋಡಲು ಮಹಾರಾಜರು ಉಳಿಯಲಿಲ್ಲ. ಎರಡೇ ವರ್ಷಗಳ ನಂತರ, 1894ರ ಡಿಸೆಂಬರಿನಲ್ಲಿ ಅವರು ಕಲ್ಕತ್ತೆಗೆ ಹೋದರು. ಅಲ್ಲಿ ಗಂಟಲಮಾರಿ, ಅಂದರೆ ಡಿಫ್ತೀರಿಯಾ ರೋಗ ತಗುಲಿತು. ಡಿಸೆಂಬರ್ 28ರಂದು ತೀರಿಕೊಂಡರು. ಆಗ ಅವರಿಗೆ 31 ವರ್ಷ. ಈ ರೋಗದ ಬ್ಯಾಕ್ಟೀರಿಯಾ ಗಂಟಲಲ್ಲಿ ಪೊರೆಯೊಂದನ್ನು ಬೆಳೆಸಿ ಉಸಿರಾಟಕ್ಕೆ ಅಡ್ಡಿ ಮಾಡುತ್ತದೆ, ವಿಷ ಹರಡಿ ಹೃದಯವನ್ನೂ ಕೆಡಿಸುತ್ತದೆ. ಇದಕ್ಕೆ ಔಷಧ ಯುರೋಪಿನಲ್ಲಿ ಆಗಷ್ಟೇ ಬಳಕೆಗೆ ಬರುತ್ತಿತ್ತು. ನಿಮಗೆ 10 ವರ್ಷವಾದಾಗ ಮತ್ತು 16 ವರ್ಷವಾದಾಗ ಕೊಡುವ ಟಿ.ಡಿ. ಲಸಿಕೆ ಇದೇ ರೋಗವನ್ನು ತಡೆಯುತ್ತದೆ. ಸೂಜಿ ಎಂದು ಓಡಿಹೋಗಬೇಡಿ!

ಹಿರಿಯ ಮಗ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಆಗ ಹತ್ತು ವರ್ಷ. ಹಾಗಾಗಿ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು 1902ರವರೆಗೆ ರಾಜ್ಯವನ್ನು ನೋಡಿಕೊಂಡರು. ಮೃಗಾಲಯ ನಿಲ್ಲಲಿಲ್ಲ. ಹತ್ತು ವರ್ಷಗಳಲ್ಲಿ 45 ಎಕರೆಗೆ ಬೆಳೆಯಿತು. 1909ರಲ್ಲಿ ಅದಕ್ಕೆ ಸ್ಥಾಪಕರ ಹೆಸರನ್ನೇ ಇಡಲಾಯಿತು. ಮುಂದೆ ಪಕ್ಕದ ಕಾರಂಜಿ ಕೆರೆಯೂ ಸೇರಿತು.

ಕಂಬಿಯ ಬದಲು ಕಂದಕ

ಮಹಾರಾಜರ ಕಾಲದಲ್ಲಿ ಪ್ರಪಂಚದ ಬಹುತೇಕ ಮೃಗಾಲಯಗಳು ಊರೊಳಗೇ ಇದ್ದವು. ಕಬ್ಬಿಣದ ಕಂಬಿ, ಕಲ್ಲುನೆಲ, ಸಣ್ಣ ಪಂಜರ. ನೋಡುವವರಿಗೆ ಅನುಕೂಲ, ಆದರೆ ಒಳಗಿದ್ದ ಪ್ರಾಣಿಗೆ ಅದು ಸೆರೆಮನೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ದಿನಕ್ಕೆ ಹತ್ತಾರು ಕಿಲೋಮೀಟರ್ ನಡೆಯಬಲ್ಲ ಹುಲಿ ಹತ್ತು ಹೆಜ್ಜೆಯ ಜಾಗದಲ್ಲಿ ಹೋದ ದಾರಿಯಲ್ಲೇ ತಿರುಗಿ ಬರುತ್ತದೆ, ಮತ್ತೆ ಹೋಗುತ್ತದೆ. ಅದು ಆಟವಲ್ಲ, ಬೇಸರದ ಲಕ್ಷಣ.

ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಕಾರ್ಲ್ ಹಾಗೆನ್‌ಬೆಕ್ ಎಂಬ ಪ್ರಾಣಿ ವ್ಯಾಪಾರಿ ಇದ್ದ. ಹುಲಿ, ಸಿಂಹಗಳು ಎಷ್ಟು ದೂರ, ಎಷ್ಟು ಎತ್ತರ ನೆಗೆಯುತ್ತವೆ ಎಂದು ಅಳೆದ. ಅವು ದಾಟಲಾರದಷ್ಟು ಅಗಲದ ಕಂದಕ ತೋಡಿಸಿ ಕಂಬಿಗಳನ್ನೇ ತೆಗೆದುಹಾಕಿದ. 1907ರಲ್ಲಿ ನಗರದ ಹೊರಗಿನ ಸ್ಟೆಲಿಂಗನ್ ಎಂಬ ಹಳ್ಳಿಯಲ್ಲಿ ಅವನ ಮೃಗಾಲಯ ತೆರೆಯಿತು. ಅವನು ಪ್ರಾಣಿಗಳನ್ನು ಹಿಡಿಸುತ್ತಿದ್ದ ರೀತಿ ಕ್ರೂರವಾಗಿತ್ತು, ಅದನ್ನು ಮೆಚ್ಚಲಾಗದು. ಕಂದಕದ ಉಪಾಯ ಮಾತ್ರ ಎಲ್ಲೆಡೆ ಹಬ್ಬಿತು. ಮೈಸೂರಿನಲ್ಲೂ ಹುಲಿಗೂ ನಿಮಗೂ ನಡುವೆ ಕಂದಕ ಇರುವುದನ್ನು ನೋಡಬಹುದು. ಇನ್ನೂ ಮುಂದೆ ಹೋಗಿ, 1966ರಲ್ಲಿ ಇಂಗ್ಲೆಂಡಿನ ಲಾಂಗ್ಲೀಟ್ ಎಂಬಲ್ಲಿ ಜನ ವಾಹನದೊಳಗೆ ಕುಳಿತು ಸಿಂಹಗಳ ನಡುವೆ ಸಾಗುವ ಸಫಾರಿ ಬಂತು.

ನಮ್ಮ ನೆರೆಯ ಮದರಾಸು ಊರಾಚೆಯ ದಾರಿ ಹಿಡಿಯಿತು. 1855ರಷ್ಟು ಹಳೆಯದಾದ ಅಲ್ಲಿನ ಮೃಗಾಲಯವನ್ನು ನಗರದಿಂದ ಎತ್ತಿ ವಂಡಲೂರಿಗೆ ಸಾಗಿಸಿದರು. 1985ರಲ್ಲಿ ಅದು ಸಾವಿರಕ್ಕೂ ಹೆಚ್ಚು ಎಕರೆಯಲ್ಲಿ ತೆರೆಯಿತು. ಮೈಸೂರು ಮೃಗಾಲಯ ಮಾತ್ರ ಮಹಾರಾಜರು ಆರಿಸಿದ ಜಾಗದಲ್ಲೇ ಉಳಿಯಿತು.

ಕಬ್ಬಿನ ಗದ್ದೆಯ ಚಿರತೆ

ಈಗ ನಿಮ್ಮ ಊರಿಗೇ ಬರೋಣ. 2022ರ ಕೊನೆ ಮತ್ತು 2023ರ ಆರಂಭದಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಬಲಿಯಾದರು. ಅವರಲ್ಲಿ ಒಬ್ಬ ನಿಮ್ಮ ವಯಸ್ಸಿನ ಹುಡುಗ. ಜನ ಸಂಜೆಯಾದರೆ ಹೊರಗೆ ಬರಲು ಹೆದರಿದರು. ಅರಣ್ಯ ಇಲಾಖೆ ಬೋನು ಇಟ್ಟು ಚಿರತೆಗಳನ್ನು ಹಿಡಿಯಿತು. ನಂಜನಗೂಡು ತಾಲ್ಲೂಕಿನ ಕಾಡಂಚಿನ ಹಳ್ಳಿಗಳಿಗೆ ಹುಲಿಯ ಭಯವೂ ಇದೆ.

ಎತ್ತರ ಬೆಳೆದ ಕಬ್ಬಿನ ಗದ್ದೆ ಚಿರತೆಗೆ ಕಾಡಿನಂತೆಯೇ ಕಾಣುತ್ತದೆ. ಅಲ್ಲೇ ಮರಿ ಹಾಕುತ್ತದೆ. ಕಬ್ಬು ಕಡಿಯುವಾಗ ಮರಿ ಸಿಕ್ಕರೆ ಮುಟ್ಟದೆ ದೂರ ಸರಿದು ಅರಣ್ಯ ಇಲಾಖೆಗೆ ತಿಳಿಸಬೇಕು. ಎಷ್ಟೋ ಸಲ ರಾತ್ರಿ ತಾಯಿಯೇ ಬಂದು ಕಚ್ಚಿಕೊಂಡು ಹೋಗುತ್ತದೆ. ತಾಯಿಯಿಂದ ಬೇರೆಯಾದ ಮರಿ ಬೇಟೆ ಕಲಿಯುವುದಿಲ್ಲ, ಬದುಕಿಡೀ ಮನುಷ್ಯರೇ ಸಾಕಬೇಕಾಗುತ್ತದೆ.

ಹಿಡಿದ ಪ್ರಾಣಿಯನ್ನು ಎಲ್ಲಿಡುವುದು? ಜನರ ಮೇಲೆ ಬಿದ್ದ ಚಿರತೆಯನ್ನು ಇನ್ನೊಂದು ಹಳ್ಳಿಯ ಪಕ್ಕ ಬಿಟ್ಟರೆ ಅಲ್ಲಿನವರ ಗತಿ? ಕಾಡಿನಲ್ಲಿ ಬೆಳೆದ ಚಿರತೆಯನ್ನು ಮೃಗಾಲಯದ ಗದ್ದಲದಲ್ಲಿ ನಿಲ್ಲಿಸಿದರೆ ಬೆದರಿ ಕಂಬಿಗೆ ಹಾಯ್ದು ಹಲ್ಲು, ಮೂತಿ ಗಾಯ ಮಾಡಿಕೊಳ್ಳುತ್ತದೆ. ಅದಕ್ಕೇ ಇಂಥ ಪ್ರಾಣಿಗಳಿಗಾಗಿ ಮೈಸೂರು ಮೃಗಾಲಯದವರು ನಗರದ ಹೊರಗೆ ಕೂರ್ಗಳ್ಳಿಯಲ್ಲಿ ಪುನರ್ವಸತಿ ಕೇಂದ್ರ ನಡೆಸುತ್ತಾರೆ. ಅಲ್ಲಿಗೆ ಪ್ರವಾಸಿಗರಿಗೆ ಪ್ರವೇಶವಿಲ್ಲ.

ಬನ್ನೇರುಘಟ್ಟದಲ್ಲಿ 2024ರಲ್ಲಿ ಚಿರತೆ ಸಫಾರಿ ಆರಂಭವಾಯಿತು. ಅದರ ಜಾಗ 20 ಹೆಕ್ಟೇರ್, ಅಂದರೆ ಸುಮಾರು 50 ಎಕರೆ. ಹ್ಯೂಸ್ ಕಾಲದ ಇಡೀ ಮೈಸೂರು ಮೃಗಾಲಯಕ್ಕಿಂತ ದೊಡ್ಡದು! ಅಲ್ಲಿ ಚಿರತೆ ಮರ ಹತ್ತಬಹುದು, ಬಂಡೆಯ ಹಿಂದೆ ಅಡಗಬಹುದು. ಬಸ್ಸಿನಲ್ಲಿ ಹೋದ ನಿಮಗೆ ಒಂದೂ ಕಾಣದೆಯೂ ಇರಬಹುದು. ಬೇಜಾರಾಗುತ್ತದೆ, ನಿಜ. ಆದರೆ ಅಡಗುವುದು ಚಿರತೆಯ ಸ್ವಭಾವ. ಮೈಸೂರಿನಲ್ಲಾದರೆ ನಿಂತು, ಹೆಸರಿನ ಫಲಕ ಓದಿ, ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಹುಲಿ, ಚಿರತೆಗಳಿಗೆ ವಿಶಾಲ ಜಾಗವೇ ಸರಿ ಎಂದು ನನಗನಿಸುತ್ತದೆ. ಹಕ್ಕಿ, ಹಾವು, ಆಮೆಗಳನ್ನು ಹತ್ತಿರದಿಂದ ಕಲಿಯಲು ಮಹಾರಾಜರ ತೋಟವೇ ಮೇಲು.

ಎಲ್ಲಿಗೆ ಹೋದರೂ ಒಂದು ನೋಟ್‌ಬುಕ್ ಇರಲಿ. ಒಂದೇ ಪ್ರಾಣಿಯನ್ನು ಆರಿಸಿ. ಮೈಸೂರಿನಲ್ಲಿ ಹತ್ತು ನಿಮಿಷ, ಸಫಾರಿಯಲ್ಲಿ ಬಸ್ಸು ನಿಂತಷ್ಟು ಹೊತ್ತು ಅದನ್ನೇ ನೋಡಿ. ಪ್ರತಿ ನಿಮಿಷಕ್ಕೊಮ್ಮೆ ಅದು ಮಲಗಿದೆಯೋ, ತಿನ್ನುತ್ತಿದೆಯೋ, ಒಂದೇ ದಾರಿಯಲ್ಲಿ ಹಿಂದೆ ಮುಂದೆ ನಡೆಯುತ್ತಿದೆಯೋ, ಮರೆಯಲ್ಲಿದೆಯೋ ಎಂದು ಬರೆದುಕೊಳ್ಳಿ. ಮರುದಿನ ತರಗತಿಯಲ್ಲಿ ಎಲ್ಲರ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅಂದಹಾಗೆ, ಎರಡೂ ಕಡೆ ವಾರದ ರಜೆ ಮಂಗಳವಾರ. ಪ್ರವಾಸದ ದಿನ ಗೊತ್ತುಮಾಡುವಾಗ ನಿಮ್ಮ ಮೇಷ್ಟ್ರಿಗೆ ಇದನ್ನು ನೆನಪಿಸಿ.