ಆಕಾಶಯೋಧ ಇಂದ್ರಲಾಲ ರಾಯ್

ಮೊದಲನೆಯ ಮಹಾಯುದ್ಧದ ವಿಮಾನವೀರರ ಮಾತು ಬಂದರೆ ಎಲ್ಲರೂ ಮೊದಲು ಹೇಳುವ ಹೆಸರು ಜರ್ಮನಿಯ ರಿಕ್ಟ್‌ಹೋಫನ್ನನದು. ಕೆಂಪು ವಿಮಾನವನ್ನೇರಿ 80 ವಿಮಾನಗಳನ್ನು ಉರುಳಿಸಿದ ಆತನ ಕಥೆ ಲೋಕಪ್ರಸಿದ್ಧವಾದುದು. ಆದರೆ ಅದೇ 1918ನೆಯ ಇಸವಿಯಲ್ಲಿ, ಅದೇ ಫ್ರಾನ್ಸಿನ ಆಕಾಶದಲ್ಲಿ, ಹತ್ತೊಂಬತ್ತು ವರ್ಷದ ಒಬ್ಬ ಭಾರತೀಯ ಹುಡುಗನೂ ಹೋರಾಡಿ ಮಡಿದನೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಪರಸ್ಥಳದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಾವು ಆತನ ಬಾಳನ್ನು ಒಮ್ಮೆ ನೆನೆಯುವುದು ಉಚಿತವೆಂದು ತೋರಿ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಇಂದ್ರಲಾಲನು 1898ರ ಡಿಸೆಂಬರ್ 2ರಂದು ಕಲ್ಕತ್ತೆಯಲ್ಲಿ ಹುಟ್ಟಿದನು. ತಂದೆ ಹೆಸರಾಂತ ಬ್ಯಾರಿಸ್ಟರರು. ತಾಯಿ ಲೋಲಿತಾ ರಾಯ್ ಮಕ್ಕಳೊಡನೆ ಲಂಡನ್ನಿನಲ್ಲಿ ಸಂಸಾರ ಹೂಡಿದರು. ಆಕೆ ದಿಟ್ಟ ಹೆಂಗಸು. ಸ್ತ್ರೀಯರಿಗೂ ಮತದಾನದ ಹಕ್ಕು ಬೇಕೆಂದು 1911ರಲ್ಲಿ ಆ ನಗರದಲ್ಲಿ ನಡೆದ ಭಾರಿ ಮೆರವಣಿಗೆಯಲ್ಲಿ ಭಾರತೀಯ ಮಹಿಳೆಯರ ತಂಡದೊಡನೆ ಹೆಜ್ಜೆ ಹಾಕಿದವರು. ಇಂಥ ತಾಯಿಯ ಮಗನು ಅಂಜುಕುಳಿಯಾಗುವುದಾದರೂ ಹೇಗೆ? ಅಣ್ಣ ಪರೇಶಲಾಲನೂ ಅದೇ ಯುದ್ಧದಲ್ಲಿ ಸೈನಿಕನಾಗಿದ್ದು, ಮುಂದೆ ಭಾರತದಲ್ಲಿ ಮುಷ್ಟಿಯುದ್ಧದ ಕ್ರೀಡೆಗೆ ಬುನಾದಿ ಹಾಕಿದನು.

ಇಂದ್ರಲಾಲನು ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ ಓದುತ್ತಿದ್ದಾಗಲೇ ಯುದ್ಧ ಹೊತ್ತಿತು. ಹುಡುಗನಿಗೆ ವಿಮಾನದಳವನ್ನು ಸೇರುವ ಹಂಬಲ. ಆದರೆ ವೈದ್ಯರು ಪರೀಕ್ಷಿಸಿ, ದೃಷ್ಟಿ ಸಾಲದೆಂದು ತಿರಸ್ಕರಿಸಿಬಿಟ್ಟರು. ಬೇರೊಬ್ಬನಾಗಿದ್ದರೆ ಹಣೆಬರಹವೆಂದು ಸುಮ್ಮನಾಗುತ್ತಿದ್ದನೇನೋ. ಈತನು ತನ್ನ ಮೋಟಾರ್ ಸೈಕಲನ್ನು ಮಾರಿ, ಬಂದ ಹಣದಿಂದ ಹೆಸರಾದ ನೇತ್ರವೈದ್ಯರೊಬ್ಬರಿಗೆ ಫೀಜು ಕೊಟ್ಟು ಮತ್ತೆ ಕಣ್ಣು ತೋರಿಸಿದನು. ಮೊದಲಿನ ತೀರ್ಪು ರದ್ದಾಯಿತು. 1917ರ ಜುಲೈ ತಿಂಗಳಲ್ಲಿ, ಹದಿನೆಂಟು ದಾಟಿದ ಈ ಹುಡುಗ ಅಧಿಕಾರಿಯ ದರ್ಜೆ ಪಡೆದು, ಅಕ್ಟೋಬರ್ ಕೊನೆಗೆ 56ನೆಯ ಸ್ಕ್ವಾಡ್ರನ್ನಿಗೆ ಸೇರಿದನು.

ಅಂದಿನ ವಿಮಾನಗಳು ಮರದ ಚೌಕಟ್ಟಿಗೆ ಬಟ್ಟೆ ಬಿಗಿದು ಮಾಡಿದಂಥವು. ಇಂದ್ರಲಾಲನು ಹಾರಿಸುತ್ತಿದ್ದ ಎಸ್.ಇ. 5ಎ ವಿಮಾನದಲ್ಲಿ ಒಬ್ಬನಿಗೇ ಸ್ಥಳ. ನಡೆಸುವವನೂ ಅವನೇ, ಗುಂಡು ಹಾರಿಸುವವನೂ ಅವನೇ. ತಲೆಯ ಮೇಲೆ ಮುಚ್ಚಿಗೆಯಿಲ್ಲ; ಮೇಲೇರಿದಂತೆಲ್ಲ ಮೈ ಕೊರೆಯುವ ಚಳಿ. ಬ್ರಿಟಿಷ್ ವಿಮಾನಯೋಧರಿಗೆ ಪ್ಯಾರಾಚೂಟನ್ನೂ ಕೊಡುತ್ತಿರಲಿಲ್ಲ. ವಿಮಾನಕ್ಕೆ ಬೆಂಕಿ ಹತ್ತಿದರೆ ಪಾರಾಗುವ ಬಗೆಯೇ ಇರಲಿಲ್ಲ.

ಸೇರಿ ಆರು ವಾರವಾಗುವಷ್ಟರಲ್ಲಿ, ಡಿಸೆಂಬರ್ 6ರಂದು, ಆತನ ವಿಮಾನ ನೆಲಕ್ಕಪ್ಪಳಿಸಿತು. ಸತ್ತನೆಂದೇ ತಿಳಿದು ಆತನನ್ನು ಶವಗಳೊಡನೆ ಇರಿಸಿದ್ದರೆಂದೂ, ಎಚ್ಚರವಾದ ಹುಡುಗ ಬಾಗಿಲು ಬಡಿದು ಕಾವಲಿನವರನ್ನು ಬೆಚ್ಚಿಬೀಳಿಸಿದನೆಂದೂ ಒಂದು ಕಥೆ ಪ್ರಚಾರದಲ್ಲಿದೆ. ಅದು ಹೇಗೇ ಇರಲಿ, ಪೆಟ್ಟು ಬಲವಾಗಿತ್ತು. ಹಾರಾಟಕ್ಕೆ ಅನರ್ಹನೆಂದು ವೈದ್ಯರು ಬರೆದರು. ಚೇತರಿಸಿಕೊಳ್ಳುತ್ತಿದ್ದ ದಿನಗಳಲ್ಲಿ ಆತನು ವಿಮಾನಗಳ ಚಿತ್ರಗಳನ್ನು ಬರೆಯುತ್ತಿದ್ದನು. ಅವುಗಳಲ್ಲಿ ಹಲವು ಉಳಿದುಬಂದಿವೆ. ಒಂದೆಡೆ ಚಿತ್ರ, ಇನ್ನೊಂದೆಡೆ ಮೇಲಧಿಕಾರಿಗಳಿಗೆ ಬಿಡದ ಮನವಿ. ಕೊನೆಗೆ ಅವರೇ ಸೋತು, 1918ರ ಜೂನ್ ತಿಂಗಳಲ್ಲಿ ಆತನನ್ನು ಫ್ರಾನ್ಸಿನಲ್ಲಿದ್ದ 40ನೆಯ ಸ್ಕ್ವಾಡ್ರನ್ನಿಗೆ ಕಳುಹಿಸಿದರು. ಅಲ್ಲಿ ಐರಿಷ್ ವೀರ ಜಾರ್ಜ್ ಮೆಕೆಲ್ರಾಯ್ ಈತನ ನಾಯಕನಾದನು.

ಬ್ಯಾಂಕಿನಲ್ಲಿ ಲೆಡ್ಜರು ಬರೆಯುವ ನನಗೆ ಮುಂದಿನ ದಿನಗಳ ಲೆಕ್ಕವನ್ನು ತಾರೀಖುವಾರು ಕೊಡುವುದೇ ಸುಲಭ. ಜುಲೈ 6ರಂದು ಒಂದು ವಿಮಾನ. 8ರಂದು ಒಂದೇ ದಿನ ಮೂರು. 13ರಂದು ಎರಡು, 15ರಂದು ಎರಡು. 18ರಂದು ಒಂದು, 19ರಂದು ಒಂದು. ಒಟ್ಟು ಹತ್ತು. ಇವುಗಳಲ್ಲಿ ಎರಡು, ಜೊತೆಗಾರರೊಡನೆ ಕೂಡಿ ಗಳಿಸಿದವು. ಐದು ವಿಮಾನಗಳನ್ನು ಸೋಲಿಸಿದವನನ್ನು ಏಸ್ ಎಂದು ಕರೆಯುವುದು ವಾಡಿಕೆ. ಈತನು ಎರಡು ವಾರಗಳಲ್ಲಿ ಅದರ ಇಮ್ಮಡಿ ಸಾಧಿಸಿದನು.

ಜುಲೈ 22ರಂದು ಕಾರ್ವ್ಯಾಂ ಎಂಬ ಊರಿನ ಮೇಲೆ ಜರ್ಮನರ ಫೋಕ್ಕರ್ ವಿಮಾನಗಳೊಡನೆ ಕಾದಾಟವಾಯಿತು. ಇಂದ್ರಲಾಲನ ವಿಮಾನ ಉರಿಯುತ್ತ ಕೆಳಗುರುಳಿತು. ಆತನು ಬಾಳಿದ್ದು ಹತ್ತೊಂಬತ್ತು ವರ್ಷ, ಏಳು ತಿಂಗಳು, ಇಪ್ಪತ್ತು ದಿನ. ಒಂಬತ್ತು ದಿನಗಳ ತರುವಾಯ ನಾಯಕ ಮೆಕೆಲ್ರಾಯನೂ ಮಡಿದನು. ಆ ಸೆಪ್ಟೆಂಬರಿನಲ್ಲಿ ಇಂದ್ರಲಾಲನಿಗೆ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಎಂಬ ಪದಕವು ಮರಣಾನಂತರ ಸಂದಿತು. ಅದನ್ನು ಪಡೆದ ಮೊದಲನೆಯ ಭಾರತೀಯ ಆತನೇ. ಅದೇ ಯುದ್ಧದಲ್ಲಿ ಪಂಜಾಬಿನ ಹರದಿತ್ ಸಿಂಗ್ ಮಲಿಕ್, ಬಂಗಾಳದ ಸೇನ್, ಮುಂಬಯಿಯ ವೆಲಿಂಕರ್ ಇವರೂ ಹಾರಿದರು. ವೆಲಿಂಕರನು ಇಂದ್ರಲಾಲನಿಗಿಂತ ಕೆಲವು ವಾರಗಳ ಮುಂಚೆಯೇ ತೀರಿಕೊಂಡನು.

ಪರದೇಶದ ಅರಸನ ಯುದ್ಧದಲ್ಲಿ, ಆಳಿಸಿಕೊಳ್ಳುತ್ತಿದ್ದ ನಾಡಿನ ಹುಡುಗ ಪ್ರಾಣ ಕೊಟ್ಟದ್ದು ಸರಿಯೇ ಎಂದು ಕೆಲವರು ಕೇಳಬಹುದು. ಆ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಆದರೆ ಭಾರತೀಯನಿಗೆ ಯಂತ್ರವಿದ್ಯೆ ಒಗ್ಗದು, ಅಧಿಕಾರಿಯ ಪಟ್ಟ ತಕ್ಕುದಲ್ಲ ಎಂದು ಆಳುವವರು ಭಾವಿಸಿದ್ದ ಕಾಲವದು. ಈ ಹುಡುಗರು ಅದು ಸುಳ್ಳೆಂದು ಆಕಾಶದಲ್ಲಿ ತೋರಿಸಿಕೊಟ್ಟರು. ಭಾರತಕ್ಕೆ ತನ್ನದೇ ವಾಯುಪಡೆ ಬಂದದ್ದು 1932ರಲ್ಲಿ. ಆ ಹಾದಿಯಲ್ಲಿ ಇವರ ಹೆಜ್ಜೆ ಮೊದಲು ಮೂಡಿತ್ತು. ಇಂದ್ರಲಾಲನ ನೂರನೆಯ ಹುಟ್ಟುಹಬ್ಬದ ವರ್ಷವಾದ 1998ರಲ್ಲಿ ಭಾರತ ಸರಕಾರವು ಆತನ ಹೆಸರಿನಲ್ಲಿ ಅಂಚೆಚೀಟಿ ಹೊರಡಿಸಿತು.

ಫ್ರಾನ್ಸಿನ ಎಸ್ತೆವೆಲ್ ಎಂಬ ಹಳ್ಳಿಯ ಸ್ಮಶಾನದಲ್ಲಿ ಆತನ ಸಮಾಧಿಯಿದೆ. ಅದರ ಕಲ್ಲಿನ ಮೇಲೆ ಬಂಗಾಳಿ ಅಕ್ಷರಗಳನ್ನು ಕೆತ್ತಿದ್ದಾರೆ. ಆತನು ಬೆಳೆದದ್ದು ಲಂಡನ್ನಿನಲ್ಲಿ, ಓದಿದ್ದು ಇಂಗ್ಲಿಷಿನಲ್ಲಿ, ಮಡಿದದ್ದು ಫ್ರೆಂಚರ ನೆಲದಲ್ಲಿ. ಆದರೂ ಆತನ ತಲೆದೆಸೆಯಲ್ಲಿ ನಿಂತದ್ದು ತಾಯ್ನುಡಿ. ಬಾಳು ಕೊಟ್ಟ ಊರಿಗೆ ನಮ್ಮ ಮಕ್ಕಳೂ ಮನಸ್ಸಿಟ್ಟು ದುಡಿಯಲಿ. ಆ ಊರಿನ ನುಡಿಯನ್ನು ಚೆನ್ನಾಗಿ ಕಲಿಯಲಿ. ಆದರೆ ಇಲ್ಲಿಯ ಶಾಲೆಗೆ ಹೋಗುವ ನನ್ನ ಮಗನಿಗೆ ತನ್ನ ಹೆಸರನ್ನು ಕನ್ನಡದಲ್ಲಿ ಬರೆಯಲು ಇನ್ನೂ ಬಾರದು. ಅದನ್ನು ಕಲಿಸುವ ಕೆಲಸವನ್ನು ಈ ರಾಜ್ಯೋತ್ಸವದ ದಿನವೇ ಆರಂಭಿಸಬೇಕೆಂದಿದ್ದೇನೆ.